ಖಾದಿ ಬಿಸಿ, ರೇಷ್ಮೆ ಬಿಸಿ

ಬಿಸಿಯಲ್ಲಿ ಎಷ್ಟು ಬಗೆ ಇದೆ ಎಂದು ನನಗೆ ಕಲಿಸಿದವರು ಒಬ್ಬ ಟೈಲರ್.

ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ, ಬೀಸಣಿಗೆಯಲ್ಲಿ ಗಾಳಿ ಹಾಕಿ, ನಡುಬೆರಳನ್ನು ನಾಲಗೆಗೆ ಮುಟ್ಟಿಸಿ ಪೆಟ್ಟಿಗೆಯ ತಳಕ್ಕೆ ಒಮ್ಮೆ ತಾಗಿಸಿ ತೆಗೆಯುತ್ತಿದ್ದರು. ಚುಂಯ್ ಎನ್ನುತ್ತಿತ್ತು. ಆಮೇಲೆ ತೀರ್ಪು. "ವಾಯಿಲ್‌ಗೆ ಆಯ್ತು, ಪಾಪ್ಲಿನ್‌ಗೆ ಇನ್ನೂ ಆಗ್ಬೇಕು." ಎಲ್ಲಕ್ಕಿಂತ ಕೆಳಗೆ ರೇಷ್ಮೆ ಬಿಸಿ, ಎಲ್ಲಕ್ಕಿಂತ ಮೇಲೆ ಖಾದಿ ಬಿಸಿ. ಕಾಫಿ, ಜ್ವರ, ಬಸ್ಸಿನ ಬಾನೆಟ್ಟು, ಎಲ್ಲವನ್ನೂ ಈ ಅಳತೆಯಲ್ಲೇ ಹೇಳುತ್ತಿದ್ದರು. "ಮಗುವಿಗೆ ಪಾಪ್ಲಿನ್ ಜ್ವರ ಉಂಟು, ಡಾಕ್ಟರ ಹತ್ರ ಕರ್ಕೊಂಡು ಹೋಗು" ಎಂದು ಎದುರುಮನೆಯ ಹೆಂಗಸಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆದರೆ ಆ ಚುಂಯ್ ಸದ್ದು ಅವರಿಗೇ ಕೇಳಿಸುತ್ತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಎಂಜಲು ಆರುವ ಬಗೆಯನ್ನು ಬೆರಳಿನಲ್ಲೇ ಓದುತ್ತಿದ್ದರು.

ಕಳೆದ ಆಟಿ ತಿಂಗಳ ಮಳೆಯಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅಂಗಿಯ ಕಾಲರಿಗೆ ತಮ್ಮ ಹೆಸರಿನ ಚೀಟಿ ಹೊಲಿಯುವ ಮಂಗಳೂರಿನ ಟೈಲರುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಹೊಲಿದವನ ಗುರ್ತ ಹೊಲಿಗೆಯಲ್ಲಿ ಇರ್ಬೇಕು ಮಾರಾಯ, ಕುತ್ತಿಗೆಯಲ್ಲಿ ಅಲ್ಲ" ಎನ್ನುತ್ತಿದ್ದರು. ಪುಂಜಾಲಕಟ್ಟೆಯಲ್ಲಿ ನಮಗೆಲ್ಲ ಅವರು ಟೈಲರಣ್ಣ. ಅಷ್ಟು ಸಾಕು.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸುಗಳು ಒಂದು ಗಳಿಗೆ ನಿಂತು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮೋನು ಸಾಹುಕಾರರ ಜವಳಿ ಅಂಗಡಿ. ಅದರ ಜಗಲಿಯಲ್ಲಿ ಟೈಲರಣ್ಣನ ಹೊಲಿಗೆ ಮಿಶನು. ಪಕ್ಕದಲ್ಲಿ ನನ್ನ ಮಾವನ ಸೈಕಲ್ ಅಂಗಡಿ. ಹತ್ತನೇ ಕ್ಲಾಸು ಮುಗಿಸಿದ ನಾನು ಅಲ್ಲಿ ಪಂಕ್ಚರ್ ಹಾಕುತ್ತಿದ್ದೆ; ಪಂಕ್ಚರ್ ಇಲ್ಲದ ಹೊತ್ತಿನಲ್ಲಿ ರೇಡಿಯೋ ಬಿಚ್ಚುತ್ತಿದ್ದೆ. ಗುರು ಯಾರೂ ಇರಲಿಲ್ಲ. ಮಂಗಳೂರಿನ ಹಳೆಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ಇಂಗ್ಲಿಷ್ ಮಾಸಿಕಗಳ ಚಿತ್ರ ನೋಡಿ, ಅಕ್ಷರಗಳನ್ನು ಅರ್ಧ ಊಹಿಸಿ, ಕೈ ಸುಟ್ಟುಕೊಂಡು ಕಲಿತದ್ದು. ಕೈಯಲ್ಲಿ ಟ್ರಾನ್ಸಿಸ್ಟರ್ ಹಿಡಿದು ಪೇಟೆ ಸುತ್ತುವುದೇ ದೊಡ್ಡಸ್ತಿಕೆಯಾಗಿದ್ದ ಕಾಲ ಅದು. ಬೊಂಬಾಯಿ ಹೋಟೆಲಿನಿಂದ ಊರಿಗೆ ಬಂದ ಒಬ್ಬ ಶೆಟ್ಟರು ಸ್ನಾನ ಮಾಡುತ್ತಾ ಹಾಡು ಕೇಳಲು ಹೋಗಿ ತಮ್ಮ ಸೆಟ್ಟನ್ನು ಬಾವಿಗೆ ಹಾಕಿದರು. ಮೇಲೆತ್ತಿದ ಮೇಲೆ ಅದು ನನ್ನ ಪಾಲಾಯಿತು. ಅದರ ಹೊಟ್ಟೆಯಲ್ಲಿ ಹುಣಸೆಬೀಜದಷ್ಟು ದೊಡ್ಡ, ಮೂರು ಕಾಲಿನ ಕೆಲವು ತುಂಡುಗಳು ಇನ್ನೂ ಜೀವಂತ ಇದ್ದವು. ಟ್ರಾನ್ಸಿಸ್ಟರ್ ಎಂದರೆ ನಿಜವಾಗಿ ಆ ತುಂಡುಗಳು ಎಂದು ನಾನು ಊರಿಡೀ ಹೇಳಿಕೊಂಡು ಬಂದೆ, ಯಾರೂ ಒಪ್ಪಲಿಲ್ಲ.

ಟೈಲರಣ್ಣನಿಗೆ ಇನ್ನೊಂದು ಬದುಕಿತ್ತು. ಅವರು ತಾಳಮದ್ದಳೆಯ ಅರ್ಥಧಾರಿ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಒಂದು ಪದ್ಯ ಹೇಳಿದ ಮೇಲೆ ಎದುರುಬದುರು ಕೂತವರು ಮಾತಿನಲ್ಲೇ ರಾಜರಾಗಿ, ದೂತರಾಗಿ ಹೊಡೆದಾಡುವ ಆಟ. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವನು ಹೇಳಿದ್ದಕ್ಕೆ ಆ ಗಳಿಗೆಯಲ್ಲೇ ಉತ್ತರ ಹುಟ್ಟಬೇಕು. ನಾವು ಜಗಲಿಯಲ್ಲಿ ಮಾತಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ತುಳುವಿನಲ್ಲಿ ಗುಂಡಿ, ನೂಲು ಕೇಳುತ್ತಿದ್ದ ಮನುಷ್ಯ ಕೂಟದಲ್ಲಿ ಕನ್ನಡಕ್ಕೆ ಬಂದರೆ ಸಾಮ್ರಾಜ್ಯಕ್ಕಿಂತ ಕಡಿಮೆ ಏನನ್ನೂ ಕೇಳುತ್ತಿರಲಿಲ್ಲ. ಮಿಶನು ತುಳಿಯುವಾಗಲೂ ತುಟಿ ಅಲ್ಲಾಡುತ್ತಿತ್ತು. ಉದ್ದ ಹೊಲಿಗೆ ಬಂದರೆ ಉದ್ದ ವಾಕ್ಯ, ಕಾಲರ್ ಬಂದರೆ ಸಣ್ಣ ಬೈಗಳು.

ಗಿರಾಕಿಗಳಿಗೆ ಅವರ ಮೇಲೆ ಒಂದು ದೂರು ಇತ್ತು. ಸಡಿಲ ಇರಲಿ ಎಂದರೆ ಬಿಗಿ, ಬಿಗಿ ಎಂದರೆ ಸಡಿಲ. ಕೇಳಿದರೆ, "ನಿಮ್ಮ ಮೈ ಎಂತ ಹೇಳ್ತದೆ ಅಂತ ಟೇಪಿಗೆ ಗೊತ್ತುಂಟು, ನೀವು ಹೇಳುವುದು ಬೇಡ." ಹೊಲಿಗೆ ಸರಿಯಾಗಿಯೇ ಕೂರುತ್ತಿತ್ತು, ಹಾಗಾಗಿ ಜನ ಅದನ್ನು ಗರ್ವ ಎಂದುಕೊಂಡರು. ಒಂದು ದಿನ ನಾನು ಹೊಸ ಸೈಕಲ್ ಬೆಲ್ಲನ್ನು ಅವರ ಬೆನ್ನ ಹಿಂದೆಯೇ ನಿಂತು ಬಾರಿಸಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. ಅವರೊಬ್ಬರು ತಿರುಗಲಿಲ್ಲ.

ಎದುರು ಹೋಗಿ ನಿಂತೆ. ನನ್ನ ಮುಖ ನೋಡಿ, ಕೈಯಲ್ಲಿದ್ದ ಬೆಲ್ಲು ನೋಡಿ, ಎಲ್ಲ ಅರ್ಥ ಮಾಡಿಕೊಂಡರು.

"ಯಾರಿಗೂ ಹೇಳ್ಬೇಡ."

ಕೂಟದಲ್ಲಿ ಹೇಗೆ ನಡೆಸುತ್ತೀರಿ ಎಂದು ಜೋರಾಗಿ ಕೇಳಿದೆ. ಎದುರಿನವರ ತುಟಿ ನೋಡುವುದು, ಭಾಗವತರ ಪದ್ಯದ ಜಾಡು ಹಿಡಿಯುವುದು, ಉಳಿದದ್ದನ್ನು ಊಹಿಸುವುದು. "ಅವನು ಎಂತ ಹೇಳಿದ ಅಂತ ಬೇಡ. ಎಂತ ಹೇಳಿಯಾನು ಅಂತ ನನಗೆ ಗೊತ್ತುಂಟು. ಮೂವತ್ತು ವರ್ಷದಿಂದ ಅದದೇ ಜನ, ಅದದೇ ಮಾತು." ಆದರೆ ಒಬ್ಬರ ಮುಂದೆ ಮಾತ್ರ ಇದು ನಡೆಯುತ್ತಿರಲಿಲ್ಲ. ಅವರು ಮೂಡಬಿದಿರೆ ಕಡೆಯ ಒಬ್ಬ ಭಟ್ಟರು. ಮೆಲುದನಿ, ಅಲ್ಲಾಡದ ತುಟಿ, ಬಾಯಲ್ಲಿ ಯಾವಾಗಲೂ ವೀಳ್ಯ. ಆ ತಿಂಗಳು ಬೆಳ್ತಂಗಡಿಯ ಕೂಟದಲ್ಲಿ ಟೈಲರಣ್ಣನಿಗೆ ರಾಜನ ಪಾತ್ರ, ಸಂಧಾನಕ್ಕೆ ಬರುವ ದೂತ ಭಟ್ಟರು. ಕಿವಿ ಹೋದ ಸುದ್ದಿ ಹೊರಬಿದ್ದರೆ ಇನ್ನು ಯಾರೂ ಕೂಟಕ್ಕೆ ಕರೆಯುವುದಿಲ್ಲ ಎಂಬುದೇ ಅವರಿಗಿದ್ದ ಭಯ. ಕಿವಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಯಂತ್ರ ಇಟ್ಟುಕೊಂಡರೂ ಸುದ್ದಿ ಹೊರಬಿದ್ದ ಹಾಗೆಯೇ.

ನಾನು ಮಾಡಿಕೊಡುತ್ತೇನೆ ಎಂದೆ. ಯಾರಿಗೂ ಕಾಣದ ಹಾಗೆ ಎಂದೂ ಸೇರಿಸಿದೆ. ಹದಿನೆಂಟರ ಪ್ರಾಯದಲ್ಲಿ ನಾಲಗೆ ಕೈಗಿಂತ ಮುಂದೆ ಇರುತ್ತದೆ.

ಹಳೇ ಟೆಲಿಫೋನಿನ ಒಂದು ತುಂಡು ಮೈಕಾಯಿತು. ಬಾವಿಗೆ ಬಿದ್ದ ಸೆಟ್ಟಿನ ಟ್ರಾನ್ಸಿಸ್ಟರುಗಳು ಸಣ್ಣ ದನಿಯನ್ನು ದೊಡ್ಡದು ಮಾಡುವ ಕೆಲಸಕ್ಕೆ ಬಂದವು. ಅದೇ ಸೆಟ್ಟಿನ ಇಯರ್‌ಫೋನು ಕಿವಿಗೆ. ಎಲ್ಲವನ್ನೂ ಸಿಗರೇಟಿನ ಚಪ್ಪಟೆ ತಗಡಿನ ಡಬ್ಬಿಯಲ್ಲಿ ಕೂರಿಸಿ, ವಯರುಗಳನ್ನು ಆಚೆ ಈಚೆ ಹರಡಿ, ಹೊಲಿಗೆ ಮೇಜಿನ ಮೇಲೆ ಇಟ್ಟು ಸ್ವಿಚ್ಚು ಹಾಕಿದೆ. ಬಲಗಿವಿಯ ಹಿಂದೆ ಸದಾ ಇರುತ್ತಿದ್ದ ಸೀಮೆಸುಣ್ಣವನ್ನು ತೆಗೆದು ಎಡಗಿವಿಗೆ ವರ್ಗ ಮಾಡಿ, ಟೈಲರಣ್ಣ ಇಯರ್‌ಫೋನು ಇಟ್ಟುಕೊಂಡರು. ಒಳಗೆ ಸಾಹುಕಾರರು ಯಾರಿಗೋ ಬಟ್ಟೆ ತೋರಿಸುತ್ತಾ, ನಮ್ಮ ಟೈಲರಿಗೆ ಸ್ವಲ್ಪ ಅಹಂಕಾರ, ಆದರೆ ಹೊಲಿಗೆ ಚಂದ ಎನ್ನುತ್ತಿದ್ದರು.

"ಸಾಹುಕಾರ್ರೇ," ಎಂದರು ಟೈಲರಣ್ಣ ಜಗಲಿಯಿಂದಲೇ, "ಇಷ್ಟು ವರ್ಷ ಇದನ್ನಾ ನೀವು ಹೇಳ್ತಾ ಇದ್ದದ್ದು?"

ಸಾಹುಕಾರರ ಕೈಯಿಂದ ಗಜಕೋಲು ಬಿತ್ತು. ಹೀಗೆ ಗುಟ್ಟು ಮೂವರದಾಯಿತು.

ಇನ್ನು ಅಡಗಿಸುವ ಕೆಲಸ. ಅದು ಟೈಲರಣ್ಣನ ವಿದ್ಯೆ, ಅದರಲ್ಲಿ ನನಗೆ ಬಾಯಿಲ್ಲ. ಹೊಸ ಜುಬ್ಬಾದ ಎಡಗಡೆ ಒಳಕಿಸೆ, ಅದರಲ್ಲಿ ಡಬ್ಬಿ. ಕಾಲರಿನ ಗುಂಡಿಯ ಹಿಂದೆ ಮೈಕು. ಮೈಕಿನ ವಯರು ಕೆಳಗೆ ಡಬ್ಬಿಗೆ ಬರಬೇಕು, ಕಿವಿಯ ವಯರು ಡಬ್ಬಿಯಿಂದ ಮೇಲೆ ಹೋಗಬೇಕು. ಎರಡನ್ನೂ ಜೋಡಿಸಿ, ನೂಲು ಸುತ್ತಿ ಒಂದು ಮಾಡಿ, ಪೈಜಾಮದ ಲಾಡಿಗೆ ಹೊಲಿಯುವ ಹಾಗೆ ಸಪೂರದ ಒಂದೇ ಬಟ್ಟೆಕೊಳವೆ ಹೊಲಿದು ಅದರೊಳಗೆ ಕಳಿಸಿದರು. ಮುಂಡಾಸು ಕಿವಿಯ ಮೇಲೆ ಇಳಿಯಿತು. ಹೊರಗಿನಿಂದ ಒಂದು ಗೆರೆಯೂ ಕಾಣದು. ಅಷ್ಟು ಚಂದದ ಕೆಲಸ ನೋಡಿ ನಾನೂ ಬೆರಗಾಗಿ ನಿಂತೆ.

ಮಾತು ಸ್ವಲ್ಪ ನೆಗಡಿ ಹಿಡಿದ ಹಾಗೆ ಕೇಳುತ್ತದೆ ಎಂದರು. ಬಟ್ಟೆ ಅಡ್ಡ ಇರುವುದರಿಂದ ಎಂದೆ. ಡಬ್ಬಿ ಬಿಸಿಯಾಗುತ್ತದೆ ಎಂದರು. ಅಷ್ಟರಲ್ಲಿ ಸಾಹುಕಾರರು, ತಮ್ಮ ದೊಡ್ಡ ರೇಡಿಯೋದ ನೆತ್ತಿಯನ್ನು ದಿನಾ ಕೈಯಿಟ್ಟು ನೋಡುವವರು, ಬಿಸಿ ಇದ್ದರೆ ಜೀವ ಉಂಟು ಅಂತ ಲೆಕ್ಕ, ತಣ್ಣಗಾದರೆ ಹೆದರಬೇಕು ಎಂದು ಧೈರ್ಯ ಹೇಳಿದರು. ವಾಲ್ವಿನ ರೇಡಿಯೋಕ್ಕೆ ಅದು ಸರಿ. ಟ್ರಾನ್ಸಿಸ್ಟರಿಗೆ ಬಿಸಿ ಎಂದರೆ ಕಾಯಿಲೆ ಎಂದು ಮಾಸಿಕದಲ್ಲಿ ಓದಿದ್ದೆ. ಆದರೂ ವಾಯಿಲ್ ಬಿಸಿ ಅಷ್ಟೇ ಅಲ್ಲವೇ ಎಂದು ಮೂವರೂ ಹೊರಟೆವು.

ಭಾನುವಾರ ಮಧ್ಯಾಹ್ನ, ಬೆಳ್ತಂಗಡಿಯ ಶಾಲೆಯ ಹಾಲು. ಮೊದಲ ಅರ್ಧ ಗಂಟೆ ರಾಜ ಗರ್ಜಿಸಿದ. ಆಮೇಲೆ ರಾಜನ ಎಡಭುಜ ಆಗಾಗ ಕುಣಿಯತೊಡಗಿತು. ಬಾಗಿಲ ಹತ್ತಿರ ಕೂತಿದ್ದ ನನಗೆ ಒಳಗಿನ ಕಥೆ ಗೊತ್ತಿತ್ತು: ಪಾಪ್ಲಿನ್ ದಾಟಿ ಖಾದಿಯ ಕಡೆ ಹೊರಟಿದೆ. ಕೊನೆಗೆ ಶಲ್ಯ ಸರಿಮಾಡುವ ನೆವದಲ್ಲಿ ಕಿಸೆಗೆ ಕೈ ಹಾಕಿ ಸ್ವಿಚ್ಚು ತೆಗೆದರು. ಅದೇ ಹೊತ್ತಿಗೆ ಭಟ್ಟರು, ತುಟಿ ಅಲ್ಲಾಡಿಸದೆ, ಮಹಾರಾಜರ ಮಾತನ್ನು ಒಪ್ಪಿದೆ, ಈ ವಿಚಾರದಲ್ಲಿ ತಪ್ಪು ನಮ್ಮದೇ ಎಂದುಬಿಟ್ಟರು. ದೂತ ಅಲ್ಲಿ ಒಪ್ಪುವ ಕ್ರಮವೇ ಇಲ್ಲ. ಹೊಸ ದಾರಿ ತೆಗೆಯಲು ಹಾಗೆ ಹೇಳಿದ್ದು. ಟೈಲರಣ್ಣ ವಾಡಿಕೆಯಂತೆ, ಅವನು ಒಪ್ಪಲಿಕ್ಕಿಲ್ಲ ಎಂದು ಊಹಿಸಿ, ನೆಲಕ್ಕೆ ಕೈ ಬಡಿದು ಗುಡುಗಿದರು: "ಒಪ್ಪುವುದಿಲ್ಲವೇ! ನನ್ನ ಸಭೆಯಲ್ಲಿ ನಿಂತು ಒಪ್ಪುವುದಿಲ್ಲ ಎನ್ನುವಷ್ಟು ಧೈರ್ಯವೇ!"

ಸಭೆ ನಕ್ಕಿತು. ಮೊದಲು ಒಬ್ಬರು, ಆಮೇಲೆ ಎಲ್ಲರೂ. ನಗುವ ಬಾಯಿಗಳು ಅವರಿಗೆ ಕಾಣುತ್ತಿದ್ದವು, ಯಾಕೆ ಎಂದು ಗೊತ್ತಾಗಲಿಲ್ಲ. ಭಟ್ಟರೇ ಮುಂದೆ ಬಂದು ಮಾತನ್ನು ಹೇಗೋ ಎತ್ತಿ ದಾಟಿಸಿದರು.

ಬಸ್ಸಿನಲ್ಲಿ ಪುಂಜಾಲಕಟ್ಟೆಗೆ ಮರಳಿದೆವು. ಜಗಲಿಯಲ್ಲಿ ಜುಬ್ಬಾ ಕಳಚಿದಾಗ ಎದೆಯ ಮೇಲೆ ಡಬ್ಬಿಯ ಆಕಾರದ ಕೆಂಪು ಚೌಕ ಮೂಡಿತ್ತು. ಮರುದಿನ ಹೇಳಿದರು, ಎದುರಿನ ಮಾತಿಗೆ ನಿಲ್ಲಲಾಗದವನು ಕೂಟದಲ್ಲಿ ಕೂರಬಾರದು, ಮಳೆಗಾಲಕ್ಕೆಂದು ಆಟ ಕೂಟ ನಿಲ್ಲುವ ಪತ್ತನಾಜೆಗೆ ಮೊದಲು ಮೂಡಬಿದಿರೆಯಲ್ಲಿ ಇಬ್ಬರಿಗೂ ಮತ್ತೆ ಕರೆ ಇದೆ, ಆಗುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ ಎಂದು. ಸಾಹುಕಾರರು ನನ್ನ ಮುಖ ನೋಡಿದರು.

ಡಬ್ಬಿ ನನ್ನದು. ನಾನು ಸ್ವಲ್ಪ ದಿನ ಕೊಡಿ ಎಂದೆ.

ಆಮೇಲೆ ನಡೆದದ್ದನ್ನು ರಿಪೇರಿ ಎನ್ನುವುದಕ್ಕಿಂತ ಹರಕೆ ಎನ್ನಬಹುದು. ಟ್ರಾನ್ಸಿಸ್ಟರ್ ಕೆಟ್ಟಿರಬೇಕೆಂದು ಬೇರೆ ಹಾಕಿದೆ, ಅದೂ ಕಾಯಿತು. ರೆಸಿಸ್ಟರ್ ಬದಲಿಸಿದೆ; ಬಿಸಿ ಒಂದು ಬಟ್ಟೆಯಷ್ಟು ಇಳಿಯಿತು, ದನಿ ಎರಡು ಬಟ್ಟೆಯಷ್ಟು ಇಳಿಯಿತು. ಹೊಸ ಬ್ಯಾಟರಿ ಹಾಕಿದೆ. ಇನ್ನಷ್ಟು ಉತ್ಸಾಹದಿಂದ ಕಾಯಿತು. ಸೈಕಲ್ ಬೆಲ್ಲಿನ ಬಟ್ಟಲನ್ನು ಕತ್ತರಿಸಿ, ಬಿಸಿ ಹೀರಲಿ ಎಂದು ಟ್ರಾನ್ಸಿಸ್ಟರಿಗೆ ಟೊಪ್ಪಿ ತೊಡಿಸಿದೆ. ಬಿಸಿ ಹೀರಿತು, ಬಟ್ಟಲೂ ಕಾಯಿತು, ಮಾವನೂ ಕಾದರು. ಟೈಲರಣ್ಣ ಪ್ರತಿ ಸಲ ನಾಲಗೆಗೆ ಬೆರಳು ಮುಟ್ಟಿಸಿ ತೀರ್ಪು ಕೊಡುತ್ತಿದ್ದರು. ಥರ್ಮಾಮೀಟರು ನನ್ನ ಹತ್ತಿರ ಇರಲಿಲ್ಲ, ಬೇಕೂ ಆಗಲಿಲ್ಲ. ಒಂದೇ ವಿಚಿತ್ರ: ಮೇಜಿನ ಮೇಲೆ ಹರಡಿಟ್ಟರೆ ಡಬ್ಬಿ ತಣ್ಣಗೆ, ಜುಬ್ಬಾದೊಳಗೆ ಹೋದರೆ ಖಾದಿ. ಮೈಶಾಖ ಇರಬೇಕು ಎಂದುಕೊಂಡೆವು. ಅವರು ಕಿಸೆಗೆ ಎರಡು ಪದರ ಬಟ್ಟೆ ಹೊಲಿದರು. ಡಬ್ಬಿಗೆ ಹೊದಿಕೆ ಹೊದ್ದ ಹಾಗಾಯಿತು. ಪರೀಕ್ಷೆಗೆಂದು ಅವರು ದಿನಾ ಅದೇ ಜುಬ್ಬಾ ಹಾಕಿ, ಡಬ್ಬಿಯ ಸ್ವಿಚ್ಚು ಹಾಕಿಯೇ ಮಿಶನಿಗೆ ಕೂರುತ್ತಿದ್ದರು.

ದಾರಿ ತೋರಿಸಿದ್ದು ಸಾಹುಕಾರರ ಸಿಟ್ಟು. ಅವರಿಗೆ ಸಂಜೆಯ ವಾರ್ತೆ ನಮಾಜಿನ ನಂತರದ ಎರಡನೇ ನಿಯಮ. ಕೆಲವು ದಿನಗಳಿಂದ ವಾರ್ತೆಯ ಹೊತ್ತಿಗೆ ರೇಡಿಯೋದಲ್ಲಿ ಸಿಳ್ಳೆ, ಅದರ ಮೇಲೆ ಬುಸ್ಸೆಂಬ ಸದ್ದು. ಏರಿಯಲ್ ಸರಿಮಾಡಿಸಿದರು, ಆಗಲಿಲ್ಲ. ಆ ಸಂಜೆ ಕೌಂಟರಿನಿಂದ ಎದ್ದು ಬಂದು ಹೇಳಿದರು:

"ಟೈಲರ್ರೇ, ನೀವು ಚಾ ಕುಡಿಲಿಕ್ಕೆ ಎದ್ದು ಹೋದ್ರೆ ನನ್ನ ರೇಡಿಯೋ ಮಾತಾಡ್ತದೆ. ನೀವು ಬಂದು ಕೂತ್ರೆ ಅದಕ್ಕೆ ದಮ್ಮು ಕಟ್ತದೆ. ಮಿಶನಿಗೆ ಕರೆಂಟೂ ಇಲ್ಲ. ನಿಮ್ಮ ಮೈಯಲ್ಲಿ ಎಂತ ಉಂಟು ಮಾರಾಯ್ರೇ?"

ಟೈಲರಣ್ಣ ನಕ್ಕು, ರಾಜನ ಮುಂದೆ ಯಾರು ಮಾತಾಡ್ತಾರೆ ಎಂದರು. ನನಗೆ ಮಾತ್ರ ನಗು ಬರಲಿಲ್ಲ. ಎದ್ದು ಹೋಗಿ ಅವರ ಕಿಸೆಗೆ ಕೈ ಹಾಕಿ ಸ್ವಿಚ್ಚು ತೆಗೆದೆ. ವಾರ್ತೆ ಸ್ವಚ್ಛ ಕೇಳಿತು. ಹಾಕಿದೆ, ಸಿಳ್ಳೆ. ಮತ್ತೆ ತೆಗೆದೆ, ವಾರ್ತೆ. ಸಾಹುಕಾರರು ಬಾಯಿ ತೆರೆದುಕೊಂಡು ನೋಡಿದರು. ಜುಬ್ಬಾವನ್ನು ಕಳಚಿಸಿ ಮೊಳೆಗೆ ತೂಗುಹಾಕಿ ಸ್ವಿಚ್ಚು ಹಾಕಿದೆ. ಮೈಯ ಶಾಖ ಇಲ್ಲ, ಆದರೂ ಸಿಳ್ಳೆ ಇದೆ, ಬೆರಳಿಟ್ಟು ನೋಡಿದರೆ ಡಬ್ಬಿ ಕಾಯುತ್ತಲೂ ಇದೆ.

ಮೇಜಿಗೂ ಜುಬ್ಬಾಕ್ಕೂ ಇರುವ ವ್ಯತ್ಯಾಸ ಆಗ ಕಣ್ಣಿಗೆ ಬಿತ್ತು. ಮೇಜಿನ ಮೇಲೆ ವಯರುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ದೂರ ದೂರ. ಇಲ್ಲಿ ಒಂದೇ ಕೊಳವೆಯಲ್ಲಿ ಒಂದನ್ನೊಂದು ತಬ್ಬಿಕೊಂಡಿವೆ.

"ಅಣ್ಣ, ಈ ಹೊಲಿಗೆ ಬಿಚ್ಬೇಕು" ಎಂದೆ.

ಅವರ ಮುಖ ಬಿಗಿಯಿತು. ಬೇರೆಯವರ ಹೊಲಿಗೆ ಬಿಚ್ಚುವುದು ಅವರಿಗೆ ದಿನದ ಸಂತೋಷ. ತನ್ನದನ್ನು ಬಿಚ್ಚಿದ್ದು ನಾನು ಕಂಡಿಲ್ಲ. ಕಾರಣ ಹೇಳು ಎಂದರು. ಹೇಳಿದೆ. ಮದುವೆ ಮನೆಯಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದರೆ ಕಿರುಚುತ್ತದಲ್ಲ? ಸ್ಪೀಕರಿನ ದನಿ ಮೈಕಿಗೆ ಹೋಗಿ, ದೊಡ್ಡದಾಗಿ, ಮತ್ತೆ ಮೈಕಿಗೆ ಹೋಗಿ, ಸುತ್ತಿ ಸುತ್ತಿ ಕಿರುಚುವುದು. ಇದೂ ಅದೇ. ದೊಡ್ಡದಾಗಿ ಹೊರಗೆ ಹೋಗುವ ವಯರು, ಸಣ್ಣದನ್ನು ಒಳಗೆ ತರುವ ವಯರಿನ ಪಕ್ಕದಲ್ಲೇ ಉಂಟು. ಹೋದದ್ದು ಅಲ್ಲಿಂದಲೇ ವಾಪಸು ಬರುತ್ತದೆ. ಕಿರುಚುವುದು ಎಷ್ಟು ಸಪೂರ ದನಿಯಲ್ಲೆಂದರೆ ಮನುಷ್ಯರ ಕಿವಿಗೆ ಕೇಳುವುದಿಲ್ಲ, ರೇಡಿಯೋಕ್ಕೆ ಮಾತ್ರ ಕೇಳುತ್ತದೆ. ಯಾರೂ ಮಾತಾಡದಿದ್ದರೂ ಅದು ಒಳಗೇ ದುಡಿಯುತ್ತಾ ಇರುತ್ತದೆ, ಹಾಗಾಗಿ ಕಾಯುತ್ತದೆ.

ಇಯರ್‌ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಅಂದ್ರೆ ಇದು ಹೊರಗಿನವರು ಹೇಳಿದ್ದನ್ನು ಕೇಳ್ತಾ ಇರ್ಲಿಲ್ಲ. ತಾನು ಹೇಳಿದ್ದನ್ನೇ ತಾನು ಕೇಳಿ, ತಾನೇ ಉತ್ತರ ಕೊಡ್ತಾ ಇತ್ತು."

"ಹೌದು."

"ನನ್ನ ಹಾಗೆ" ಎಂದರು. ಹೇಳಿ, ಬ್ಲೇಡು ತೆಗೆದು, ತಮ್ಮ ಹೊಲಿಗೆಗೆ ತಾವೇ ಇಟ್ಟರು.

ಕೊಳವೆ ಬಿಚ್ಚಿ, ನೂಲು ತೆಗೆದು, ಎರಡು ವಯರುಗಳನ್ನು ಎರಡು ಕೈಯಲ್ಲಿ ಹಿಡಿದು ದೂರ ಮಾಡಿದೆ. ಒಳಗಿನಿಂದ ಸಾಹುಕಾರರ ದನಿ ಬಂತು: "ಬಂತು, ವಾರ್ತೆ ಬಂತು." ಹತ್ತಿರ ತಂದೆ, ಸಿಳ್ಳೆ. ದೂರ, ವಾರ್ತೆ. ನಮ್ಮ ಮೂವರಿಗೂ ಆ ಆಟ ಎಷ್ಟು ಹಿಡಿಸಿತೆಂದರೆ ಆ ದಿನದ ವಾರ್ತೆ ಏನೆಂದು ಯಾರಿಗೂ ಗೊತ್ತಾಗಲಿಲ್ಲ.

ಮೂಡಬಿದಿರೆಗೆ ಹೊಸ ಜುಬ್ಬಾ ತಯಾರಾಯಿತು. ಮೈಕು ಎಡಗಡೆ, ಡಬ್ಬಿಗೆ ಬಲಗಡೆ ಇನ್ನೊಂದು ಕಿಸೆ, ಕಿವಿಯ ವಯರು ಬಲಹೆಗಲಿನ ಮೇಲೆ ತನ್ನದೇ ದಾರಿಯಲ್ಲಿ. ಮೈಕಿನ ವಯರು ಬೆನ್ನ ಹಿಂದಿನಿಂದ ಸುತ್ತಿ ಬಂತು. ಸಿಳ್ಳೆ ಮತ್ತೆ ಏಳದಿರಲಿ ಎಂದು ನಾನು ಬ್ಯಾಟರಿಯ ಹತ್ತಿರ ಒಂದು ಸಣ್ಣ ಕೆಪಾಸಿಟರನ್ನೂ ಕೂರಿಸಿದೆ. ಎರಡು ಕಿಸೆಯ ಆ ಜುಬ್ಬಾ ನೋಡಿದವರು ತಮಗೂ ಹಾಗೇ ಬೇಕೆಂದರು. ಈಗಲೂ ಶಿರ್ತಾಡಿ ಕಡೆಯ ಬಸ್ಸಿನಲ್ಲಿ ಬಲಗಡೆ ಕಿಸೆಯ ಜುಬ್ಬಾ ಕಂಡರೆ ಅದು ನಮ್ಮ ಸಿಳ್ಳೆಯ ಸಂತಾನ, ಹಾಕಿಕೊಂಡವರಿಗೆ ಗೊತ್ತಿಲ್ಲ.

ಕೂಟದ ದಿನ ಭಟ್ಟರು ವೀಳ್ಯ ಜಗಿಯುತ್ತಾ ಕೂತಿದ್ದರು. ಅದೇ ಪ್ರಸಂಗ, ಅದೇ ರಾಜ, ಅದೇ ದೂತ. ಬೆಳ್ತಂಗಡಿಯ ನಗು ಇನ್ನೊಮ್ಮೆ ಸಿಗಬಹುದೆಂದು ಬಂದವರೂ ಇದ್ದರು. ರಾಜ ತನ್ನ ಬಲ, ಸೈನ್ಯ, ಗೆಲುವು ಎಲ್ಲವನ್ನೂ ಹೇಳಿ ಮುಗಿಸಿದ. ಭಟ್ಟರು ಎಂದಿನಂತೆ ತಗ್ಗಿದ ದನಿಯಲ್ಲಿ, ಪಕ್ಕದವನಿಗೆ ಹೇಳುವ ಹಾಗೆ ಹೇಳಿದರು:

"ಗೆಲ್ಲುವವರು ತಾವೇ, ಮಹಾರಾಜ, ನನಗೆ ಸಂಶಯವಿಲ್ಲ. ಗೆದ್ದ ಸಂಜೆ ಆ ಸಂತೋಷವನ್ನು ಯಾರೊಡನೆ ಹಂಚಿಕೊಳ್ಳುತ್ತೀರಿ? ಚಿಕ್ಕಂದಿನಿಂದ ತಮ್ಮ ಗೆಲುವಿಗೆ ಕುಣಿದವರೆಲ್ಲ ಇಂದು ಆಚೆಯ ಪಾಳೆಯದಲ್ಲಿದ್ದಾರೆ."

ಟೈಲರಣ್ಣ ಬಾಯಿ ತೆರೆದರು. ಮುಚ್ಚಿದರು. ಕೂಟದಲ್ಲಿ ಮೌನ ಎಂದರೆ ಸೋಲು. ಭಾಗವತರ ಕೈ ತಾಳದ ಕಡೆ ಹೋಯಿತು. ಮದ್ದಳೆಯವರು ಸುಮ್ಮನೆ ಒಂದು ಪೆಟ್ಟು ಹಾಕಿ ನೋಡಿದರು. ಯಾರೋ ಹಿಂದಿನಿಂದ ಕೆಮ್ಮಿದರು. ನಾನು ಬಾಗಿಲಲ್ಲಿ ನಿಂತು ಡಬ್ಬಿ ಸತ್ತುಹೋಯಿತೆಂದೇ ತಿಳಿದೆ. ಆದರೆ ಅವರ ಭುಜ ಕುಣಿಯುತ್ತಿರಲಿಲ್ಲ. ತುಟಿ ನೋಡುವ ಅಭ್ಯಾಸದ ಕಣ್ಣು ಭಟ್ಟರ ತುಟಿಯ ಮೇಲೂ ಇರಲಿಲ್ಲ. ಮಳೆಯ ಸದ್ದು ಕೇಳುವವರ ಹಾಗೆ ನೆಲ ನೋಡುತ್ತಿದ್ದರು.

"ದೂತನೇ," ಎಂದರು ಕೊನೆಗೆ, ಗರ್ಜನೆ ಇಲ್ಲದೆ, "ಇದಕ್ಕೆ ನನ್ನಲ್ಲಿ ಉತ್ತರವಿಲ್ಲ." ಶಲ್ಯವನ್ನು ಹೆಗಲಿಗೇರಿಸಿದರು. "ಉತ್ತರವಿಲ್ಲದೆಯೂ ಯುದ್ಧಕ್ಕೆ ಹೋಗುವವರನ್ನೇ ಅಲ್ಲವೇ ಅರಸರು ಎನ್ನುವುದು. ಹೋಗಿ ಹೇಳು, ಅರಸ ಬರುತ್ತಾನೆ ಎಂದು."

ಯಾರೂ ನಗಲಿಲ್ಲ. ಭಟ್ಟರು ಬಾಯಲ್ಲಿದ್ದ ವೀಳ್ಯವನ್ನು ಜಗಿಯುವುದು ಮರೆತು ಅವರನ್ನೇ ನೋಡಿದರು. ಆಮೇಲೆ, ಪಾತ್ರದ ಒಳಗಿನಿಂದಲೋ ಹೊರಗಿನಿಂದಲೋ ಗೊತ್ತಿಲ್ಲ, ಕೈ ಮುಗಿದರು.

ವಾಪಸು ಬಸ್ಸಿನಲ್ಲಿ ಸಾಹುಕಾರರು ಮುಂದಿನ ಸೀಟಿನಲ್ಲಿ ತಲೆವಸ್ತ್ರ ಮುಖಕ್ಕೆಳೆದು ನಿದ್ದೆ ಮಾಡಿದ್ದರು. ಟೈಲರಣ್ಣ ಮುಂಡಾಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದರು, ಇಯರ್‌ಫೋನು ಎಲ್ಲರಿಗೂ ಕಾಣುವ ಹಾಗೆ ಕಿವಿಯಲ್ಲೇ ಇತ್ತು. ತುಂಬಾ ದೂರ ಬಂದ ಮೇಲೆ ನನ್ನ ಕಡೆ ತಿರುಗಿದರು.

"ಆ ಭಟ್ರು ಇಷ್ಟು ವರ್ಷವೂ ಹೀಗೇ ಮಾತಾಡ್ತಾ ಇದ್ರಾ?"

"ಹೌದು ಅಣ್ಣ."

"ನಾನು ಯಾರ ಹತ್ರ ಜಗಳ ಮಾಡ್ತಾ ಇದ್ದೆ ಹಾಗಾದ್ರೆ" ಎಂದು ತಮ್ಮಷ್ಟಕ್ಕೇ ನಕ್ಕರು.

ಆಮೇಲೆ ಬಲಗಡೆಯ ಕಿಸೆಯಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ನಡುಬೆರಳನ್ನು ನಾಲಗೆಗೆ ಮುಟ್ಟಿಸಿ, ಟ್ರಾನ್ಸಿಸ್ಟರಿನ ನೆತ್ತಿಯ ಮೇಲೆ ಇಟ್ಟು, ಬಸ್ಸು ಒಂದು ತಿರುವು ದಾಟುವವರೆಗೂ ಹಾಗೇ ಹಿಡಿದರು.

"ರೇಷ್ಮೆಗೂ ಸಾಲದು" ಎಂದರು.